ಕೋಳಿಯೂ ನೆರೆಹೊರೆಯೂ

ನಮ್ಮ ನಾಡಿನ ಚರಿತ್ರೆಯಲ್ಲಿ ಪ್ರಾಣಿಗಳಿಗೆ ಸ್ಥಾನವಿಲ್ಲದೆ ಇಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ 10ನೆಯ ಶತಮಾನದ ಶಾಸನವು, ಕಾಡುಹಂದಿಯೊಡನೆ ಸೆಣಸಿ ಮಡಿದ ಕಾಳಿ ಎಂಬ ನಾಯಿಯ ಹೆಸರನ್ನು ಇಂದಿಗೂ ಉಳಿಸಿದೆ. ತಮಿಳುನಾಡಿನ ಅರಸಲಾಪುರದಲ್ಲಿ ಕಾಳಗದ ಹುಂಜಕ್ಕೂ ಕಲ್ಲು ನಿಲ್ಲಿಸಿದ್ದಾರೆ. ಕಾದಿ ಸತ್ತವರಿಗೆ ಕಲ್ಲು ನಿಲ್ಲಿಸುವುದು ಲೋಕರೂಢಿ. ಆದರೆ ಬೆಳಗಾಗೆದ್ದು ತಿಪ್ಪೆ ಕೆದಕಿ, ಮೊಟ್ಟೆಯಿಟ್ಟು, ಮರಿ ಮಾಡಿ, ಸಂಜೆ ತಾನಾಗಿ ಗೂಡು ಸೇರುವ ಹಿತ್ತಲ ಹೇಂಟೆಗೆ ಆ ಭಾಗ್ಯವೆಲ್ಲಿ? ಅದರ ಕಥೆಯನ್ನು ಸ್ವಲ್ಪ ಕೆದಕಿ ನೋಡಿದರೆ, ಅದು ಬರಿಯ ಒಂದು ಹಕ್ಕಿಯ ಕಥೆಯಲ್ಲ, ಮನೆಗೂ ಮನೆಗೂ ನಡುವಣ ಸಂಬಂಧದ ಕಥೆ ಎಂಬುದು ಮನವರಿಕೆಯಾಗುತ್ತದೆ.

ಕೋಳಿ ಮನುಷ್ಯನ ಬಳಿಗೆ ಬಂದುದೇ ಕಾಳಿನ ಆಸೆಯಿಂದ ಎಂದು ಈಗಿನ ವಿದ್ವಾಂಸರು ಹೇಳುತ್ತಾರೆ. ಆಗ್ನೇಯ ಏಷ್ಯದ ಕೆಂಪು ಕಾಡುಕೋಳಿ ಇದರ ಮೂಲ. ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿ ಸಿಕ್ಕಿದ, ಕ್ರಿ.ಪೂ. 1650ರಿಂದ 1250ರ ನಡುವಿನ ಮೂಳೆಗಳೇ ನಿಶ್ಚಿತವಾಗಿ ಸಾಕುಕೋಳಿಯವೆನ್ನಬಹುದಾದ ಅತಿ ಹಳೆಯ ಕುರುಹುಗಳೆಂದು 2022ರಲ್ಲಿ ಪ್ರಕಟವಾದ ಒಂದು ಸಂಶೋಧನೆ ತಿಳಿಸಿತು. ಬತ್ತ, ರಾಗಿಯಂಥ ಧಾನ್ಯಗಳ ಬೆಳೆ ಹಬ್ಬಿದೆಡೆಗೆ ಕೋಳಿಯೂ ಹಿಂಬಾಲಿಸಿ ಬಂದಿತಂತೆ. ನಮ್ಮ ಪಾಲೂ ಇದರಲ್ಲಿ ಉಂಟು. ಅನೇಕ ಸಾಕುಕೋಳಿಗಳ ಕಾಲು ಹಳದಿಯಾಗಿರುವುದಕ್ಕೆ ಕಾರಣವಾದ ಗುಣ ಬಂಡೀಪುರ, ನಾಗರಹೊಳೆಗಳಲ್ಲಿ ಇಂದಿಗೂ ಕೂಗುವ ಬೂದು ಕಾಡುಕೋಳಿಯಿಂದ ಬಂದುದೆಂದು 2008ರಲ್ಲಿ ತೋರಿಸಿಕೊಟ್ಟಿದ್ದಾರೆ. ಅಂತೂ ಕೋಳಿಯನ್ನು ಮನುಷ್ಯ ಹಿಡಿದು ತಂದನೆನ್ನುವುದಕ್ಕಿಂತ, ಚೆಲ್ಲಿದ ಕಾಳನ್ನು ಹುಡುಕಿಕೊಂಡು ಅದೇ ಕಣಕ್ಕೆ ಬಂದಿತೆನ್ನುವುದು ಹೆಚ್ಚು ಸರಿ.

ಹೀಗೆ ಚೆಲ್ಲಿದ್ದನ್ನು ಆಯ್ದು ತಿನ್ನುವ ಸ್ವಭಾವವೇ ಅದಕ್ಕೆ ಅಪಕೀರ್ತಿಯನ್ನೂ ತಂದಿತು. ಮನುಸ್ಮೃತಿ ದ್ವಿಜರಿಗೆ ನಿಷೇಧಿಸಿದ ಆಹಾರಗಳಲ್ಲಿ ಊರಹಂದಿಯೊಡನೆ ಊರಕೋಳಿಯೂ ಸೇರಿದೆ. ಕೋಳಿ ಎಂದಷ್ಟೇ ಹೇಳದೆ ‘ಊರ’ ಎಂಬ ವಿಶೇಷಣವನ್ನು ಹಚ್ಚಿರುವುದನ್ನು ಗಮನಿಸಬೇಕು. ಬೀದಿಯಲ್ಲಿ ಅಲೆದು ಸಿಕ್ಕಿದ್ದನ್ನು ತಿನ್ನುವುದೇ ಅಲ್ಲಿ ದೋಷವೆಂದು ತೋರುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕೋಳಿಗೆ ಜಾಗ ದೊರೆತುದು ಅರಸರ ವಿನೋದಕ್ಕಾಗಿ, ಕಾಳಗದ ಹುಂಜವಾಗಿ. 1209ರಲ್ಲಿ ಜನ್ನ ಬರೆದ ‘ಯಶೋಧರ ಚರಿತೆ’ಯಲ್ಲಿ ಬಲಿಗಾಗಿ ಮಾಡಿದ ಹಿಟ್ಟಿನ ಕೋಳಿಯೊಂದು ಅರಸನನ್ನೂ ಅವನ ತಾಯಿಯನ್ನೂ ಜನ್ಮಜನ್ಮಾಂತರಗಳಲ್ಲಿ ಅಲೆಸಿತು. ಬಲಿ, ಕಾಳಗ, ನಿಷೇಧ: ಗ್ರಂಥಗಳಲ್ಲಿ ಕೋಳಿ ಹೆಚ್ಚಾಗಿ ಕಾಣುವುದು ಈ ಮೂರು ಬಗೆಯಲ್ಲಿ. ಹೇಂಟೆಯನ್ನು ಹಿತ್ತಲಲ್ಲಿ ನಿಂತು ಕಣ್ಣಾರೆ ಕಂಡವರು ಬಸವಣ್ಣನವರು. ಒಂದು ಕುಟುಕು ಕಂಡರೂ ತನ್ನವರನ್ನೆಲ್ಲ ಕರೆಯುವ ಅದರ ಗುಣವನ್ನು ಅವರು ಭಕ್ತರ ಮುಂದೆ ಆದರ್ಶವಾಗಿ ಇಟ್ಟರು. ಇತ್ತ ಕುವೆಂಪು ಅವರ ಕಾದಂಬರಿಗಳು ಮಲೆನಾಡಿನ ಒಕ್ಕಲು ಮನೆಯ ಬದುಕನ್ನು ಸಾಹಿತ್ಯದೊಳಕ್ಕೆ ತಂದವು. ಉಳಿದಂತೆ, ಬರೆಯಬಲ್ಲವರು ಬಹುಮಟ್ಟಿಗೆ ಕೋಳಿ ಸಾಕಲಿಲ್ಲ. ಸಾಕಿದವರಿಗೆ ಬರೆಯುವ ಅವಕಾಶವಿರಲಿಲ್ಲ.

ಸಾಕಿದವರಾದರೂ ಯಾರು? ಬಹುಪಾಲು ಮನೆಯ ಹೆಂಗಸರು. ಕೊಂಡು ತಂದ ಹೊಸ ಕೋಳಿಯ ಕಾಲಿಗೆ ದಾರ ಕಟ್ಟಿ, ಮನೆ ಪರಿಚಯವಾಗುವವರೆಗೆ ನಾಲ್ಕಾರು ದಿನ ಇರಿಸಿಕೊಳ್ಳಬೇಕು. ಕಾವಿಗೆ ಕೂತ ಹೇಂಟೆಗೆ ಮಂಕರಿಯಲ್ಲಿ ಹುಲ್ಲು ಹಾಸಿ, ಮೊಟ್ಟೆಯಿಟ್ಟು, ಗುಡುಗಿಗೆ ಕೆಡದಿರಲೆಂಬ ನಂಬಿಕೆಯಿಂದ ಕಬ್ಬಿಣದ ಚೂರೊಂದನ್ನು ಜತೆಗಿರಿಸಿ, 21 ದಿನ ಎಣಿಸಬೇಕು. ಮರಿ ಹೊರಬಂದ ಮೇಲೆ ನುಚ್ಚು, ಗೆದ್ದಲು. ಹಗಲು ಮೇಲಿನಿಂದ ಹದ್ದು, ಬೇಲಿಯ ಸಂದಿನಿಂದ ಮುಂಗುಸಿ. ಇರುಳಾದರೆ ಕಾಡುಬೆಕ್ಕು, ಹೆಗ್ಗಣ. ಮೇಲಿಂದ ಬರುವ ಶತ್ರುವಿಗೆ ಒಂದು ಕೂಗು, ನೆಲದ ಮೇಲೆ ಬರುವುದಕ್ಕೆ ಇನ್ನೊಂದು ಕೂಗು ಕೋಳಿಗಳಲ್ಲಿ ಉಂಟು. ಈ ಭೇದವನ್ನು ಬಲ್ಲ ಗೃಹಿಣಿ ಒಲೆಯ ಮುಂದೆ ಕುಳಿತಿದ್ದಂತೆಯೇ ಏನಾಗುತ್ತಿದೆಯೆಂದು ತಿಳಿಯಬಲ್ಲಳು. ಸಂಜೆ ತಲೆ ಎಣಿಸಿ ಗೂಡಿನ ಬಾಗಿಲು ಹಾಕುವುದನ್ನು ಒಂದು ದಿನ ಮರೆತರೂ ಆರು ತಿಂಗಳ ಆರೈಕೆ ನೀರುಪಾಲಾಯಿತೆಂದೇ ಅರ್ಥ.

ಇವೆಲ್ಲ ಮನೆಯೊಳಗಿನ ಪಾಡು. ನಿಜವಾದ ತೊಡಕು ಬೇಲಿಯಾಚೆಗೆ. ಬಿಟ್ಟು ಸಾಕಿದ ಕೋಳಿ ಮೇಯುವುದು ಒಡೆಯನ ನೆಲದಲ್ಲಿ ಮಾತ್ರವಲ್ಲ. ಅದಕ್ಕೆ ನೆರೆಮನೆಯ ತಿಪ್ಪೆ ಬೇಕು, ಓಣಿಯ ಅಂಚು ಬೇಕು, ಯಾರದೂ ಅಲ್ಲದ ಪೊದೆ ಬೇಕು. ಅದು ನೆರೆಯವರ ಸೊಪ್ಪಿನ ಪಾತಿಯನ್ನು ಕೆದಕಿದರೆ ನಷ್ಟ ಯಾರದು? ಅವರ ಹುಲ್ಲಿನ ಬಣವೆಯಲ್ಲಿ ಮೊಟ್ಟೆಯಿಟ್ಟರೆ ಆ ಮೊಟ್ಟೆ ಯಾರದು? ಇಂಥ ಪ್ರಶ್ನೆಗಳು ಕಚೇರಿಯ ಮೆಟ್ಟಲು ಹತ್ತದೆ ಬೇಲಿಯ ಬಳಿಯೇ ತೀರುತ್ತಿದ್ದವು. ಬೈಗುಳೂ ಉಂಟು, ಮರುದಿನ ಒಂದು ಮೊಟ್ಟೆ ಕೊಟ್ಟು ರಾಜಿಯಾಗುವುದೂ ಉಂಟು. ಒಬ್ಬರ ಮೊಟ್ಟೆಯನ್ನು ಇನ್ನೊಬ್ಬರ ಹೇಂಟೆಯ ಕಾವಿಗೆ ಇಡುವುದೂ, ಕೋಳಿಯನ್ನು ಪಾಲಿಗೆ ಕೊಟ್ಟು ಮರಿಗಳನ್ನು ಹಂಚಿಕೊಳ್ಳುವುದೂ ಇದೇ ಸಂಬಂಧದ ಒಳ್ಳೆಯ ಮುಖಗಳು.

ರೋಗವೂ ಬೇಲಿಯನ್ನು ಬಲ್ಲುದಲ್ಲ. ನಮ್ಮವರು ಕೊಕ್ಕರೆ ರೋಗವೆಂದು ಕರೆಯುವ ಪಿಡುಗು 1926ರಲ್ಲಿ ಜಾವಾದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿಯೂ, ಮರುವರ್ಷ ಹಿಮಾಲಯದ ಮಡಿಲಿನ ರಾಣಿಖೇತದಲ್ಲಿಯೂ ಕಂಡುಬಂದಿತು. ಅದರಿಂದಲೇ ನಮ್ಮಲ್ಲಿ ಅದಕ್ಕೆ ರಾಣಿಖೇತ್ ರೋಗವೆಂಬ ಹೆಸರು. ಅದು ಹೊಕ್ಕ ಕೇರಿಯಲ್ಲಿ ವಾರದೊಳಗೆ ಗೂಡುಗಳು ಬರಿದಾಗುತ್ತವೆ. ಇದಕ್ಕೆ ಲಸಿಕೆಯೇನೋ ಇದೆ. ಆದರೆ ಲಸಿಕೆಯ ಸೀಸೆ ನೂರಾರು ಕೋಳಿಗಳ ಲೆಕ್ಕದಲ್ಲಿ ಬರುತ್ತದೆ, ತಣ್ಣಗಿಡಬೇಕು, ಕಲಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ಐದು ಕೋಳಿಯ ಒಡತಿ ಅದನ್ನು ಒಬ್ಬಳೇ ಕೊಂಡು ಏನು ಮಾಡಿಯಾಳು? ಇಡೀ ಕೇರಿ ಒಂದು ದಿನ ಗೊತ್ತುಮಾಡಿ ಒಟ್ಟಾಗಿ ಹಾಕಿಸಿದರಷ್ಟೇ ಫಲ. ವಿಜ್ಞಾನವೂ ಕಡೆಗೆ ನೆರೆಹೊರೆಯ ಬಾಗಿಲಿಗೇ ಬಂದು ನಿಂತಂತಾಯಿತು.

ತಳಿಯ ವಿಚಾರದಲ್ಲಿಯೂ ಒಂದು ಮಾತುಂಟು. ನಾಟಿ ಕೋಳಿ ವರ್ಷಕ್ಕೆ ಕೊಡುವುದು ಸುಮಾರು 60-80 ಮೊಟ್ಟೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಹಿತ್ತಲಲ್ಲಿ ಸಾಕಲೆಂದೇ ಬೆಳೆಸಿ 1989ರಲ್ಲಿ ಹೊರತಂದ ‘ಗಿರಿರಾಜ’ 130-150 ಕೊಡುತ್ತದೆ. ಪಂಜರದ ಕೋಳಿ ಮುನ್ನೂರನ್ನೂ ಮುಟ್ಟುತ್ತದೆ. ಆದರೆ ಮೊಟ್ಟೆ ಹೆಚ್ಚಿದಂತೆ ಕೋಳಿ ಕಾವಿಗೆ ಕೂರುವುದನ್ನು ಮರೆಯುತ್ತದೆ. ಆ ಸಾಮರ್ಥ್ಯ ನಾಟಿ ಹೇಂಟೆಯಲ್ಲಿ ಉಳಿದಿರುವವರೆಗೆ, ಬಡವರ ಮನೆಯ ಕೋಳಿ ಅಂಗಡಿಯವನ ಹಂಗಿಲ್ಲದೆ ಮುಂದುವರಿಯುತ್ತದೆ.

ಇನ್ನು ನಮ್ಮ ಮೈಸೂರಿನ ಮಾತು. 1898ರ ಪ್ಲೇಗಿನ ಪೆಟ್ಟು ತಿಂದ ಮೇಲೆ ಗಾಳಿ ಬೆಳಕಿನ ಊರು ಕಟ್ಟುವ ಹಂಬಲ ಬಲಿಯಿತು. 1903ರಲ್ಲಿ ನಗರಾಭಿವೃದ್ಧಿಗೆಂದು ವಿಶ್ವಸ್ತ ಮಂಡಲಿಯೂ ಸ್ಥಾಪಿತವಾಯಿತು. ಹೊಸ ಬಡಾವಣೆಗಳು ಬೆಳೆದವು. ಸುತ್ತಣ ಹಳ್ಳಿಗಳು ನಗರದೊಳಕ್ಕೆ ಸೇರಿದವು. ಒಂಟಿಕೊಪ್ಪಲು, ಕುಂಬಾರಕೊಪ್ಪಲು ಎಂಬ ಹೆಸರುಗಳಲ್ಲಿ ಆ ಹಳ್ಳಿಗಳು ಇನ್ನೂ ಉಸಿರಾಡುತ್ತಿವೆ. ಬಡಾವಣೆಗೆ ಗೋಡೆಯೇ ಮರ್ಯಾದೆ. ಕೊಪ್ಪಲಿನ ಬಾಳು ನಡೆಯುವುದು ಬೀದಿಯ ಬಳಕೆಯಲ್ಲಿ. ಒಂದೇ ಊರಿನಲ್ಲಿ ಒಬ್ಬರಿಗೆ ಕೋಳಿಯ ಕೂಗು ಬೆಳಗಿನ ಗುರುತು, ಇನ್ನೊಬ್ಬರಿಗೆ ದೂರಿನ ವಿಷಯ.

2020ರ ಮಾರ್ಚ್ ತಿಂಗಳಲ್ಲಿ ಈ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ಖಚಿತವಾಯಿತು. ಸುತ್ತ ಒಂದು ಕಿಲೋಮೀಟರ್ ವಲಯದ ಕೋಳಿಗಳನ್ನು ಕೊಲ್ಲಲು ಆಜ್ಞೆಯಾಯಿತು. ಅಂಗಡಿಯ ಕೋಳಿ, ಮನೆಯವರು ಸಾಕಿದ ಕೋಳಿ ಎಂಬ ಭೇದ ಅಲ್ಲಿರಲಿಲ್ಲ. ಇರುವಂತೆಯೂ ಇರಲಿಲ್ಲ, ಏಕೆಂದರೆ ಅದು ಮನುಷ್ಯರ ಪ್ರಾಣಕ್ಕೂ ಸಂಚಕಾರ ತರಬಲ್ಲ ರೋಗ. ಅದೇ ತಿಂಗಳ 25ರಿಂದ ಇನ್ನೊಂದು ರೋಗಕ್ಕಾಗಿ ದೇಶದ ಮನುಷ್ಯರೆಲ್ಲ ಬಾಗಿಲು ಹಾಕಿಕೊಂಡರು. ಒಬ್ಬರ ಕ್ಷೇಮ ಇನ್ನೊಬ್ಬರ ಅಂಗಳದಲ್ಲಿದೆಯೆಂಬ ಪಾಠವನ್ನು ಕೊಪ್ಪಲಿನ ಜನ ಹತ್ತು ದಿನ ಮೊದಲೇ ಕಲಿತಿದ್ದರೆನ್ನಬೇಕು.

ನಗರದಲ್ಲಿ ಎಲ್ಲರೂ ಕೋಳಿ ಸಾಕಬೇಕೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಸಾಕುವವರು ಸಾಕಲು ಏನೇನು ಬೇಕೆಂಬುದನ್ನು ಚರಿತ್ರೆ ಸ್ಪಷ್ಟವಾಗಿಯೇ ತಿಳಿಸುತ್ತದೆ. ಗೂಡು, ಕಾಳು, ಲಸಿಕೆಗಳನ್ನು ಹಣದಿಂದ ಕೊಳ್ಳಬಹುದು. ಕೆದಕಲು ನಾಲ್ಕು ಮೊಳ ಸಾಮಾನ್ಯ ನೆಲ, ಕೆದಕಿದಾಗ ಸೈರಿಸುವ ಪಕ್ಕದ ಮನೆ, ರೋಗ ಬಂದಾಗ ಮುಚ್ಚಿಡದೆ ಹೇಳುವ ನಂಬಿಕೆ, ಇವು ಕೊಳ್ಳುವ ವಸ್ತುಗಳಲ್ಲ. ನಿವೇಶನಗಳ ನಕ್ಷೆ ಬರೆಯುವವರು ರಸ್ತೆಯ ಅಗಲವನ್ನೂ ಚರಂಡಿಯ ಆಳವನ್ನೂ ಗುರುತಿಸುತ್ತಾರೆ. ಎರಡು ಮನೆಗಳ ಹೆಂಗಸರು ನಿಂತು ಮಾತಾಡಿಕೊಳ್ಳುವ ಹಿತ್ತಲ ಬೇಲಿಗೂ ಅಲ್ಲಿ ಒಂದು ಗೆರೆ ದೊರೆಯುವುದಾದರೆ, ಕೋಳಿಗೂ ತಾನಾಗಿ ಜಾಗ ಸಿಕ್ಕೀತು.