ಶಿವಮೊಗ್ಗೆಯ ಮಗಳು, ಮುಂಬಯಿಯ ಡಾಕ್ಟರಮ್ಮ

ಆಲೂರು ಸಕಲೇಶಪುರದ ಕಡೆಯ ಮಳೆಗಾಲವನ್ನು ನೀವು ಬಲ್ಲಿರಿ. ಹಿಡಿದ ಮಳೆ ವಾರಗಟ್ಟಲೆ ಬಿಡದು. ಹಳ್ಳಕ್ಕೆ ನೀರು ಬಂದರೆ ಆಚೆ ದಡದವರು ಆಚೆಗೇ. ಬಸ್ಸು, ಕಾರುಗಳು ಬರುವುದಕ್ಕೆ ಮುಂಚಿನ ಕಾಲವನ್ನು ಒಮ್ಮೆ ನೆನೆಯಿರಿ. ಪಾಳ್ಯದಂತಹ ಊರಿನಲ್ಲಿ ಚೊಚ್ಚಲ ಹೆರಿಗೆಯೊಂದು ಕಷ್ಟಕ್ಕೆ ತಿರುಗಿತೆನ್ನಿ. ಸೂಲಗಿತ್ತಿ ತನಗೆ ತಿಳಿದುದನ್ನೆಲ್ಲ ಮಾಡಿ ಸೋತ ಮೇಲೆ ಉಳಿಯುತ್ತಿದ್ದುದು ಎತ್ತಿನ ಗಾಡಿ, ಗಾಡಿಯಲ್ಲಿ ಹುಲ್ಲು, ಹುಲ್ಲಿನ ಮೇಲೊಂದು ಕಂಬಳಿ, ಎದುರಿಗೆ ಹಾಸನದ ದಾರಿ. ಎಷ್ಟೋ ಗಾಡಿಗಳು ಅರ್ಧ ದಾರಿಯಿಂದಲೇ ಹಿಂದಿರುಗುತ್ತಿದ್ದವು.

ಅಲ್ಲಿಗೆ ತಲಪಿದರೂ ಇನ್ನೊಂದು ತೊಡಕು. ಗಂಡಸು ವೈದ್ಯನ ಕೈಗೆ ಮನೆಯ ಹೆಣ್ಣನ್ನು ಒಪ್ಪಿಸಲು ಅನೇಕರು ಹಿಂಜರಿಯುತ್ತಿದ್ದರು, ಹೆಣ್ಣೂ ಒಪ್ಪುತ್ತಿರಲಿಲ್ಲ. ಇದು ನಮ್ಮ ಮಲೆನಾಡಿನ ಮಾತು ಮಾತ್ರವಲ್ಲ, ಇಡೀ ದೇಶದ ಮಾತು. ಮುಂಬಯಿಯ ಪೆಸ್ತನ್‌ಜಿ ಹೋರ್ಮಸ್‌ಜಿ ಕಾಮಾ ಎಂಬ ಪಾರಸಿ ಶ್ರೀಮಂತರು ಇದನ್ನು ಮನಗಂಡು, ಹೆಂಗಸರಿಗೂ ಮಕ್ಕಳಿಗೂ ಪ್ರತ್ಯೇಕ ಆಸ್ಪತ್ರೆಗೆಂದು ಹಣವಿತ್ತರು. ೧೮೮೬ರಲ್ಲಿ ಕಾಮಾ ಆಸ್ಪತ್ರೆ ಬಾಗಿಲು ತೆರೆಯಿತು. ಅಲ್ಲಿ ವೈದ್ಯರೂ ಹೆಂಗಸರೇ. ಮೊದಲ ಮುಖ್ಯಸ್ಥೆ ಇಂಗ್ಲೆಂಡಿನಿಂದ ಬಂದ ಡಾಕ್ಟರ್ ಈಡಿತ್ ಪೀಚಿ. ಹಣವುಳ್ಳವರು ಕಟ್ಟಡವನ್ನು ಕೊಡಬಲ್ಲರು. ಆದರೆ ಆ ಕಟ್ಟಡದೊಳಗೆ ನಿಲ್ಲಬಲ್ಲ ನಮ್ಮ ದೇಶದ ಹೆಣ್ಣುಮಕ್ಕಳು ಎಲ್ಲಿಂದ ಬರಬೇಕು?

ಒಬ್ಬಳು ಬಂದದ್ದು ನಮ್ಮ ಶಿವಮೊಗ್ಗೆಯಿಂದ.

ಜೆರೂಷಾ ಝಿರಾಡ್ ಹುಟ್ಟಿದ್ದು ೧೮೯೦ರ ಸುಮಾರಿಗೆ, ಅಂದಿನ ಮೈಸೂರು ಸಂಸ್ಥಾನದ ಶಿವಮೊಗ್ಗೆಯಲ್ಲಿ. ಮನೆತನ ಯೆಹೂದ್ಯರದು, ಬೆನೆ ಇಸ್ರೇಲ್ ಎಂಬ ಪಂಗಡ. ಬಹು ಹಿಂದೆ ಹಡಗು ಒಡೆದು ಕೊಂಕಣದ ದಡಕ್ಕೆ ಬಿದ್ದವರ ಸಂತಾನ ತಾವೆಂದು ಇವರು ಹೇಳಿಕೊಳ್ಳುತ್ತಾರೆ. ಮನೆಮಾತು ಮರಾಠಿ; ಕುಲಕಸುಬು ಎಣ್ಣೆ ತೆಗೆಯುವುದು. ಶನಿವಾರ ಗಾಣ ಕಟ್ಟದ ಕಾರಣ ನೆರೆಹೊರೆಯವರು ಇವರನ್ನು 'ಶನಿವಾರದ ಗಾಣಿಗರು' ಎಂದೇ ಕರೆಯುತ್ತಿದ್ದರು. ಮೈಸೂರಿಗೂ ಇವರಿಗೂ ಹಳೆಯ ನಂಟೊಂದಿದೆ. ಕಂಪೆನಿಯ ಸೈನ್ಯದಲ್ಲಿದ್ದ ಸ್ಯಾಮ್ಯುಅಲ್ ದಿವೇಕರ್ ಎಂಬಾತ ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಾದ. 'ಬೆನೆ ಇಸ್ರೇಲ್' ಎಂಬ ಹೆಸರು ಕೇಳಿ, ಕುರಾನಿನಲ್ಲಿ ಬರುವ ಜನ ಇವರೆಂದು ಸುಲ್ತಾನನ ತಾಯಿಯೇ ಪ್ರಾಣ ಉಳಿಸಿದಳೆಂಬ ಕತೆ ಅವರಲ್ಲಿದೆ. ಬಿಡುಗಡೆಯಾದ ದಿವೇಕರ್ ೧೭೯೬ರಲ್ಲಿ ಮುಂಬಯಿಯಲ್ಲಿ ಅವರ ಮೊದಲ ಪ್ರಾರ್ಥನಾ ಮಂದಿರವನ್ನು ಕಟ್ಟಿಸಿದ. ಕತೆ ಎಷ್ಟು ನಿಜವೋ, ಮಂದಿರವಂತೂ ನಿಜ.

ಇರಲಿ, ನಮ್ಮ ಹುಡುಗಿಯ ಕಡೆಗೆ ಬರೋಣ. ಆಕೆಗೆ ಹನ್ನೊಂದು ವರ್ಷವಾಗಿದ್ದಾಗ ಅಕ್ಕನಿಗೆ ಕಾಯಿಲೆಯಾಗಿ ಕಾಮಾ ಆಸ್ಪತ್ರೆಗೆ ಸೇರಿಸಿದರು. ಅಲ್ಲಿನ ಡಾಕ್ಟರ್ ಬೆನ್ಸನ್ ಎಂಬಾಕೆ ಅಕ್ಕನನ್ನು ಬದುಕಿಸಿಕೊಟ್ಟರು. ತಾನೂ ಡಾಕ್ಟರಾಗಿ ಒಂದು ದಿನ ಇದೇ ಆಸ್ಪತ್ರೆಯನ್ನು ನಡೆಸುವೆನೆಂದು ತಂಗಿ ಅಂದೇ ನಿಶ್ಚಯಿಸಿದಳು. ಮಕ್ಕಳ ಇಂತಹ ನಿಶ್ಚಯಗಳು ನಮ್ಮ ನಿಮ್ಮ ಮನೆಗಳಲ್ಲಿ ವಾರಕ್ಕೊಂದು ಹುಟ್ಟಿ ಅಳಿಯುತ್ತವೆ. ಇದು ಅಳಿಯಲಿಲ್ಲ.

ಪುಣೆಯಲ್ಲಿ ಶಾಲೆ, ಮುಂಬಯಿಯ ಗ್ರಾಂಟ್ ವೈದ್ಯಕೀಯ ಕಾಲೇಜು, ೧೯೧೨ರಲ್ಲಿ ಪದವಿ. ಮರುವರ್ಷವೇ, ಇನ್ನೂ ಇಪ್ಪತ್ತಮೂರರ ಆಸುಪಾಸಿನಲ್ಲಿ, ತಮ್ಮ ಪಂಗಡದ ಹೆಂಗಸರನ್ನು ಕೂಡಿಸಿ 'ಸ್ತ್ರೀ ಮಂಡಲ'ವನ್ನು ಆರಂಭಿಸಿದವರಲ್ಲಿ ಈಕೆಯೂ ಒಬ್ಬರು. ನಮ್ಮ ಊರುಗಳ ಮಹಿಳಾ ಸಮಾಜಗಳನ್ನು ಕಂಡವರಿಗೆ ಇದರ ಬೆಲೆ ತಿಳಿಯದಿರದು. ಮನೆಯಿಂದ ಹೊರಗೆ ಕಾಲಿಡಲು ಹೆಂಗಸಿಗೆ ಒಂದು ನೆವ ಬೇಕು. ಸಂಘ ಆ ನೆವವನ್ನು ಒದಗಿಸುತ್ತದೆ.

ಹೆಚ್ಚಿನ ಓದಿಗೆ ಇಂಗ್ಲೆಂಡಿಗೆ ಹೋಗಬೇಕಾಗಿತ್ತು. ಸರ್ಕಾರದ ವಿದ್ಯಾರ್ಥಿವೇತನವಿತ್ತು, ಆದರೆ ಗಂಡಸರಿಗೆ! ಟಾಟಾ ನಿಧಿಯಿಂದ ಸಾಲ ಪಡೆದು ಹೋದರು. ಆಮೇಲೆ ಸರ್ಕಾರದ ವೇತನವೂ ಈಕೆಗೆ ದೊರೆಯಿತು. ಮೊದಲ ಮಹಾಯುದ್ಧದ ವರ್ಷಗಳನ್ನು ಲಂಡನ್ನಿನ ಹೆಂಗಸರ ವೈದ್ಯಶಾಲೆಯಲ್ಲೂ ಆಸ್ಪತ್ರೆಯಲ್ಲೂ ಕಳೆದು, ೧೯೧೯ರಲ್ಲಿ ಎಂ.ಡಿ. ಪಡೆದರು. ಹಿಂದಿರುಗಿದ ಮೇಲೆ ಸ್ವಲ್ಪ ಕಾಲ ದೆಹಲಿ, ಅನಂತರ ನಮ್ಮ ಬೆಂಗಳೂರಿನ ಹೆರಿಗೆ ಆಸ್ಪತ್ರೆ. ೧೯೨೮ರಲ್ಲಿ ಕಾಮಾ ಆಸ್ಪತ್ರೆಯ ಮುಖ್ಯಸ್ಥೆಯಾದರು. ಹನ್ನೊಂದರ ಹುಡುಗಿಯ ಮಾತು ನಿಂತಿತು. ಹತ್ತೊಂಬತ್ತು ವರ್ಷ, ೧೯೪೭ರವರೆಗೆ, ಆ ಹೊಣೆ ಹೊತ್ತರು.

ಆದರೆ ಈಕೆಯ ಕೆಲಸಗಳಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಆ ಪದವಿಯಲ್ಲ, ಒಂದು ಲೆಕ್ಕ. ೧೯೩೭-೩೮ರಲ್ಲಿ ಅವರು ಮುಂಬಯಿ ನಗರದಲ್ಲಿ ತಾಯಂದಿರು ಹೆರಿಗೆಯಲ್ಲಿ ಏಕೆ ಸಾಯುತ್ತಾರೆಂಬುದನ್ನು ವಿಚಾರಣೆ ಮಾಡಿದರು. ವರದಿ ೧೯೪೧ರಲ್ಲಿ ಅಚ್ಚಾಯಿತು. ಇದರಲ್ಲೇನಿದೆ ಹೆಚ್ಚಳವೆಂದು ನೀವು ಕೇಳಬಹುದು. ಹಳ್ಳಿಯಲ್ಲಿ ಬಾಣಂತಿ ಸತ್ತರೆ ಏನೆನ್ನುತ್ತಿದ್ದರು? ಸನ್ನಿಯಾಯಿತು, ಸೋಂಕಾಯಿತು, ಹಣೆಯಲ್ಲಿ ಬರೆದಿರಲಿಲ್ಲ. ಜನನ ಮರಣದ ಪುಸ್ತಕದಲ್ಲಿ 'ಜ್ವರ' ಎಂಬ ಒಂದೇ ಮಾತು ಬಿದ್ದರೆ, ಹೆರಿಗೆಯ ಹತ್ತನೆಯ ದಿನ ನಂಜೇರಿ ಸತ್ತವಳೂ ಮಲೇರಿಯಾದಿಂದ ಸತ್ತ ಮುದುಕನೂ ಒಂದೇ ಸಾಲಿಗೆ ಸೇರಿಹೋಗುತ್ತಾರೆ. ಹಾಗೆ ಸೇರಿಹೋದವರನ್ನು ಬೇರ್ಪಡಿಸಿ, ಇವಳು ರಕ್ತಸ್ರಾವದಿಂದ, ಇವಳು ನಂಜಿನಿಂದ, ಇವಳು ರಕ್ತಹೀನತೆಯಿಂದ ಸತ್ತಳೆಂದು ತಿಳಿದರಲ್ಲವೇ ಮುಂದಿನವಳನ್ನು ಉಳಿಸುವ ದಾರಿ ಕಾಣುವುದು? ಚಳಿಜ್ವರ, ಕೊಕ್ಕೆಹುಳು ಎರಡೂ ಸೇರಿ ಬಸುರಿಯರ ರಕ್ತ ಹೀರುತ್ತಿದ್ದ ಕಾಫಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಣ ಕೊಡುವ ದಾನಿಯ ಹೆಸರು ಕಲ್ಲಿನ ಮೇಲೆ ಬರುತ್ತದೆ. ಸತ್ತವರ ಲೆಕ್ಕ ಮಾಡಿದವರ ಹೆಸರು ವರದಿಯ ರಟ್ಟಿನ ಮೇಲೆ ಧೂಳು ತಿನ್ನುತ್ತದೆ. ಎರಡೂ ದಾನವೇ ಎಂದು ನನ್ನ ಎಣಿಕೆ.

ತಮ್ಮವರ ನಡುವೆಯೂ ಈಕೆ ಸುಮ್ಮನಿರಲಿಲ್ಲ. ಲಂಡನ್ನಿನಲ್ಲಿ ಯೆಹೂದ್ಯ ಧರ್ಮದ ಸುಧಾರಕರಾದ ಕ್ಲಾಡ್ ಮಾಂಟೆಫಿಯೋರ್, ಲಿಲಿ ಮಾಂಟೆಗು ಇವರ ವಿಚಾರಗಳನ್ನು ಅರಿತು ಬಂದು, ೧೯೨೫ರಲ್ಲಿ ಮುಂಬಯಿಯಲ್ಲಿ 'ಜ್ಯೂಯಿಷ್ ರಿಲಿಜಿಯಸ್ ಯೂನಿಯನ್' ಸ್ಥಾಪಿಸಿದರು. ಒಂದು ಸಣ್ಣ ಪಂಗಡದೊಳಗೆ ಹೆಂಗಸೊಬ್ಬಳು ಪ್ರಾರ್ಥನೆಯ ರೀತಿಯನ್ನೇ ತಿದ್ದಹೊರಡುವುದು ಆಸ್ಪತ್ರೆ ನಡೆಸುವುದಕ್ಕಿಂತ ಸುಲಭವೆಂದು ನನಗೆ ತೋರದು.

ಬ್ರಿಟಿಷ್ ಸರ್ಕಾರ ೧೯೪೫ರಲ್ಲಿ ಎಂ.ಬಿ.ಇ. ಬಿರುದನ್ನೂ ಸ್ವತಂತ್ರ ಭಾರತ ೧೯೬೬ರಲ್ಲಿ ಪದ್ಮಶ್ರೀಯನ್ನೂ ಕೊಟ್ಟವು. ನಿವೃತ್ತಿಯ ಅನಂತರ ಹತ್ತು ವರ್ಷ ಭಾರತದ ವೈದ್ಯ ಮಹಿಳೆಯರ ಸಂಘದ ಅಧ್ಯಕ್ಷತೆ ಅವರದಾಗಿತ್ತು. ೧೯೪೮ರಲ್ಲಿ ಇಸ್ರೇಲ್ ರಾಷ್ಟ್ರವಾದ ಮೇಲೆ ಬೆನೆ ಇಸ್ರೇಲರು ಸಾವಿರಗಟ್ಟಲೆ ಅತ್ತ ಹೊರಟರು. ಜೆರೂಷಾ ಇಲ್ಲಿಯೇ ಉಳಿದರು. ತೊಂಬತ್ತು ದಾಟಿ ಬಾಳಿದರು. ಕಾಮಾ ಆಸ್ಪತ್ರೆ ಮುಂಬಯಿಯ ದೊಡ್ಡ ರೈಲು ನಿಲ್ದಾಣದ ಸಮೀಪದಲ್ಲಿದೆ. ಅಲ್ಲಿ ಇಂದಿಗೂ ಹೆರಿಗೆಗಳಾಗುತ್ತವೆ.