ನೆಲ ಬದಲಾದಾಗ ಆಚರಣೆ: ಮಧ್ಯ ಏಷ್ಯಾದ ಕೊರಿಯನ್ ಸಮುದಾಯದ ಚರಿತ್ರೆ

ಕೊರಿಯಾದ ಹೊರಗೆ ಇಂದು ಸುಮಾರು 70 ಲಕ್ಷ ಕೊರಿಯನ್ ಮೂಲದ ಜನರು ನೆಲೆಸಿದ್ದಾರೆ. ಅಮೆರಿಕ, ಚೀನಾ, ಜಪಾನುಗಳಲ್ಲಿರುವ ಸಮುದಾಯಗಳು ಸಂಖ್ಯೆಯಲ್ಲಿ ದೊಡ್ಡವು. ಆದರೆ ವಲಸೆ ಮತ್ತು ಜಾನಪದಗಳ ಸಂಬಂಧವನ್ನು ಪರಿಶೀಲಿಸುವವರಿಗೆ ಕಜಕಸ್ತಾನ, ಉಜ್ಬೇಕಿಸ್ತಾನಗಳಲ್ಲಿರುವ, ತಮ್ಮನ್ನು ‘ಕೊರ್ಯೊ ಸಾರಾಮ್’ ಎಂದು ಕರೆದುಕೊಳ್ಳುವ ಸಮುದಾಯ ವಿಶೇಷ ಮಹತ್ವದ್ದು. ಪರದೇಶದ ಸಂಪ್ರದಾಯವನ್ನು ತಾಯ್ನಾಡಿನ ಮೂಲರೂಪದ ಪಕ್ಕದಲ್ಲಿಟ್ಟು ಉಳಿದದ್ದೆಷ್ಟು, ಅಳಿದದ್ದೆಷ್ಟು ಎಂದು ಎಣಿಸುವುದು ವಾಡಿಕೆ. ಈ ಸಮುದಾಯದ ಮಟ್ಟಿಗೆ ಆ ಅಳತೆಗೋಲು ಸಾಲದು.

1860ರ ದಶಕದಿಂದ ಕೊರಿಯಾದ ಈಶಾನ್ಯ ಭಾಗದ ಹಾಮ್ಗ್ಯೋಂಗ್ ಪ್ರಾಂತ್ಯದ ಬಡ ರೈತರು ಗಡಿ ದಾಟಿ ರಷ್ಯಾದ ದೂರಪೂರ್ವ ಪ್ರದೇಶದಲ್ಲಿ ನೆಲೆಸತೊಡಗಿದರು. 1910ರಲ್ಲಿ ಜಪಾನ್ ಕೊರಿಯಾವನ್ನು ತನ್ನ ಸಾಮ್ರಾಜ್ಯಕ್ಕೆ ಸೇರಿಸಿಕೊಂಡ ಮೇಲೆ ಸ್ವಾತಂತ್ರ್ಯ ಹೋರಾಟಗಾರರೂ ಅಲ್ಲಿ ಆಶ್ರಯ ಪಡೆದರು. ಆದರೆ 1937ರ ಆಗಸ್ಟ್ 21ರಂದು ಸೋವಿಯತ್ ಸರ್ಕಾರ ಜಪಾನಿ ಬೇಹುಗಾರಿಕೆಯನ್ನು ತಡೆಯುವ ಕಾರಣ ನೀಡಿ ಇವರನ್ನು ಸಾಮೂಹಿಕವಾಗಿ ಸ್ಥಳಾಂತರಿಸುವ ನಿರ್ಣಯ ಕೈಗೊಂಡಿತು. ಜಪಾನಿನ ಆಳ್ವಿಕೆಯಿಂದ ತಪ್ಪಿಸಿಕೊಂಡು ಬಂದವರೇ ಜಪಾನಿನ ಪರವೆಂಬ ಶಂಕೆಗೆ ಗುರಿಯಾದುದು ಚರಿತ್ರೆಯ ವಿಪರ್ಯಾಸ. ಸುಮಾರು 1,72,000 ಜನರನ್ನು ರೈಲುಗಳಲ್ಲಿ ಮಧ್ಯ ಏಷ್ಯಾಕ್ಕೆ ಸಾಗಿಸಲಾಯಿತು. ಕಜಕಸ್ತಾನದ ಉಶ್ತೋಬೆ ಬಳಿ ಇಳಿದವರು ಬಾಸ್ತೋಬೆ ಗುಡ್ಡದ ಇಳಿಜಾರಿನಲ್ಲಿ ನೆಲ ಅಗೆದು ಗುಂಡಿಮನೆಗಳನ್ನು ಮಾಡಿಕೊಂಡು ಮೊದಲ ಚಳಿಗಾಲ ಕಳೆದರು.

1938ರಲ್ಲಿ ಕೊರಿಯನ್ ಶಾಲೆಗಳ ಬೋಧನಾ ಮಾಧ್ಯಮ ರಷ್ಯನ್ ಆಯಿತು. ಹಾಮ್ಗ್ಯೋಂಗ್ ಉಪಭಾಷೆಯಿಂದ ಬೆಳೆದ ‘ಕೊರ್ಯೊ ಮಾರ್’ ಕ್ರಮೇಣ ಹಿರಿಯರ ಮನೆಮಾತಾಗಿ ಉಳಿಯಿತು. 1932ರಲ್ಲಿ ವ್ಲಾಡಿವೊಸ್ಟಾಕ್‌ನಲ್ಲಿ ಆರಂಭವಾಗಿದ್ದ ಕೊರಿಯನ್ ರಂಗಮಂದಿರವೂ ಜನರೊಡನೆ ಕಜಕಸ್ತಾನದ ಕಿಜಿಲೋರ್ದಾಕ್ಕೆ ಬಂದಿತು. 1920ರ ಬೊಂಗೊದೊಂಗ್ ಕದನದಲ್ಲಿ ಜಪಾನಿ ಸೈನ್ಯವನ್ನು ಎದುರಿಸಿದ ಹೊಂಗ್ ಬೊಮ್‌ದೊ ಈ ರಂಗಮಂದಿರದ ಕಾವಲುಗಾರನಾಗಿ ದುಡಿದು 1943ರಲ್ಲಿ ತೀರಿಕೊಂಡನು. ಅವನ ಅವಶೇಷಗಳು ದಕ್ಷಿಣ ಕೊರಿಯಾಕ್ಕೆ ಮರಳಿದುದು 2021ರಲ್ಲಿ.

ಭಾಷೆ ಹಿಂದೆ ಸರಿದಾಗ ಆಹಾರ ಮತ್ತು ಆಚರಣೆಗಳು ಅಸ್ಮಿತೆಯ ಆಧಾರಗಳಾದವು. ಈ ಸಮುದಾಯದ ‘ಮೊರ್ಕೊವ್ಚಾ’ ಇದಕ್ಕೆ ಒಳ್ಳೆಯ ನಿದರ್ಶನ. ಕಿಮ್ಚಿಗೆ ಬೇಕಾದ ಕೋಸು ಸುಲಭವಾಗಿ ದೊರೆಯದ ಕಡೆ ಯಥೇಚ್ಛವಾಗಿದ್ದ ಗಜ್ಜರಿಯನ್ನು ಎಳೆಯೆಳೆಯಾಗಿ ಹೆಚ್ಚಿ, ಬೆಳ್ಳುಳ್ಳಿ, ಕೊತ್ತಂಬರಿ ಬೀಜ, ಮೆಣಸಿನಪುಡಿ, ವಿನೆಗರ್ ಬೆರೆಸಿ, ಮೇಲೆ ಕಾದ ಎಣ್ಣೆ ಸುರಿದು ಇದನ್ನು ತಯಾರಿಸಲಾಗುತ್ತದೆ. ಹೆಸರಿನ ಪೂರ್ವಾರ್ಧ ರಷ್ಯನ್, ಉತ್ತರಾರ್ಧ ಕೊರಿಯನ್. ತಾಯ್ನಾಡಿನ ಅಡುಗೆಯಲ್ಲಿ ಇಲ್ಲದಿದ್ದ ಈ ಖಾದ್ಯ ಹಿಂದಿನ ಸೋವಿಯತ್ ನಾಡುಗಳಾದ್ಯಂತ ‘ಕೊರಿಯನ್ ಗಜ್ಜರಿ’ ಎಂದೇ ಪ್ರಸಿದ್ಧವಾಗಿದೆ. ಮಗುವಿನ ಮೊದಲ ಹುಟ್ಟುಹಬ್ಬ, ಮದುವೆ, ಅರವತ್ತರ ಸಮಾರಂಭ ಎಂಬ ಮೂರು ಘಟ್ಟಗಳಲ್ಲಿ ವ್ಯಕ್ತಿಗೆ ವಿಧಿವತ್ತಾಗಿ ‘ಮೇಜು’ ಅಣಿಗೊಳಿಸುವ ಪದ್ಧತಿಯೂ ಉಳಿದುಬಂದಿದೆ. ಏಪ್ರಿಲ್ 5ರ ಹಾನ್ಸಿಕ್ ದಿನದಂದು ಕುಟುಂಬಗಳು ಸಮಾಧಿಗಳಿಗೆ ಹೋಗಿ ಹಿರಿಯರಿಗೆ ಎಡೆಯಿಡುತ್ತವೆ. ಪೂರ್ವಜರ ಗೋರಿಗಳು ದೂರಪೂರ್ವದಲ್ಲಿಯೇ ಉಳಿದುಹೋಗಿದ್ದರಿಂದ ಈ ಆಚರಣೆ ಹೊಸ ನೆಲದ ಗೋರಿಗಳಿಗೆ ಅಂಟಿಕೊಳ್ಳಬೇಕಾಯಿತು. ಸತ್ತವರನ್ನು ಮಣ್ಣುಮಾಡಿದ ನೆಲವೇ ಕಾಲಾನುಕ್ರಮದಲ್ಲಿ ಬದುಕಿದವರ ಊರಾಯಿತು.

ಮೂಲರೂಪದ ಅಳತೆಗೋಲು ಕಾನೂನಿನಲ್ಲಿಯೂ ಕಾಣಿಸಿಕೊಂಡಿತು. ದಕ್ಷಿಣ ಕೊರಿಯಾದ 1999ರ ಸಾಗರೋತ್ತರ ಕೊರಿಯನ್ನರ ಕಾಯಿದೆಯು 1948ರಲ್ಲಿ ಆ ದೇಶದ ಸರ್ಕಾರ ಸ್ಥಾಪನೆಯಾಗುವ ಮುನ್ನ ನಾಡು ಬಿಟ್ಟವರನ್ನೂ ಅವರ ಸಂತತಿಯನ್ನೂ ಹೊರಗಿಟ್ಟಿತ್ತು. ಹೀಗಾಗಿ ಚೀನಾ ಮತ್ತು ಹಿಂದಿನ ಸೋವಿಯತ್ ಒಕ್ಕೂಟದ ಬಹುಪಾಲು ಕೊರಿಯನ್ನರಿಗೆ ಅದರ ಸೌಲಭ್ಯಗಳು ದೊರೆಯಲಿಲ್ಲ. ಇದು ಸಂವಿಧಾನಕ್ಕೆ ಹೊಂದುವುದಿಲ್ಲವೆಂದು 2001ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ತೀರ್ಪಿತ್ತ ನಂತರ 2004ರಲ್ಲಿ ಕಾಯಿದೆ ತಿದ್ದುಪಡಿಯಾಯಿತು. ಇನ್ನೂ ಹುಟ್ಟದಿದ್ದ ರಾಷ್ಟ್ರವೊಂದರ ಪೌರತ್ವವನ್ನು ಹೊಂದಿರಲಿಲ್ಲವೆಂಬ ಕಾರಣಕ್ಕೆ ಜನರು ತಮ್ಮವರ ನಡುವೆಯೇ ಪರಕೀಯರಾಗಿದ್ದರು.

ಮೊರ್ಕೊವ್ಚಾವನ್ನು ಕಿಮ್ಚಿಯ ಕೆಟ್ಟ ನಕಲೆಂದು ನೋಡಿದರೆ ಅದರೊಳಗಿನ 1937ರ ಚರಿತ್ರೆ ಕಣ್ಮರೆಯಾಗುತ್ತದೆ. ಆ ಮಾರ್ಪಾಟು ಸಂಪ್ರದಾಯದ ಸವೆತವಲ್ಲ. ಆ ಜನ ಎಲ್ಲಿಂದ ಹೊರಟು, ಎಲ್ಲಿ ಇಳಿದು, ಯಾವುದರಿಂದ ಬದುಕಿದರು ಎಂಬುದರ ದಾಖಲೆ. ದಶಕಗಳ ಕಾಲ ಸ್ಥಳಾಂತರದ ಬಗೆಗೆ ಬಹಿರಂಗವಾಗಿ ಮಾತನಾಡಲಾಗದಿದ್ದ ಸಮುದಾಯದ ಚರಿತ್ರೆಯನ್ನು ಬರೆಯುವವರು ಸರ್ಕಾರಿ ಕಡತಗಳೊಡನೆ ಊಟದ ಮೇಜನ್ನೂ ಗೋರಿಯ ಎಡೆಯನ್ನೂ ಆಕರಗಳಾಗಿ ಓದಬೇಕಾಗುತ್ತದೆ.