ಮುಲ್ಲರ್, ಜಾರ್ಜ್ (1805–1898)

ಪ್ರಶ್ಯದಲ್ಲಿ ಹುಟ್ಟಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ನೆಲೆಸಿದ ಕ್ರೈಸ್ತ ಬೋಧಕ, ಅನಾಥಾಲಯಗಳ ಸ್ಥಾಪಕ. ದೇವರು ಒದಗಿಸುತ್ತಾನೆಂಬ ನಂಬಿಕೆಯಿಂದ 1830ರಲ್ಲಿ ನಿಗದಿತ ಸಂಬಳ ಬಿಟ್ಟ. 1836ರಲ್ಲಿ ವಿಲ್ಸನ್ ಬೀದಿಯ ಬಾಡಿಗೆ ಮನೆಯಲ್ಲಿ ಅನಾಥ ಹೆಣ್ಣುಮಕ್ಕಳಿಗೆ ಆಶ್ರಯ ತೆರೆದ. 1870ರ ಹೊತ್ತಿಗೆ ಆಶ್ಲಿ ಡೌನ್ ದಿಣ್ಣೆಯ ಮೇಲೆ ಐದು ದೊಡ್ಡ ಕಟ್ಟಡಗಳೆದ್ದು ಸುಮಾರು 2,000 ಮಕ್ಕಳಿಗೆ ನೆಲೆಯಾಯಿತು.

ಕೊರತೆಯನ್ನು ಜನರ ಮುಂದೆ ತೋಡಿಕೊಳ್ಳದೆ ಪ್ರಾರ್ಥನೆಯಲ್ಲಷ್ಟೇ ಬೇಡುವುದು, ಸಾಲ ಮಾಡದಿರುವುದು ಈತನ ನಿಯಮ. ಹಾಗೆಂದು ಕೈಕಟ್ಟಿ ಕೂತವನಲ್ಲ. ಬಡವರು ಕೊಟ್ಟ ಒಂದೊಂದು ಪೆನ್ನಿಯೂ ಲೆಕ್ಕದ ಪುಸ್ತಕಕ್ಕೇರುತ್ತಿತ್ತು. ಕೊಟ್ಟವರಿಗೆ ರಸೀದಿ ಸಲ್ಲುತ್ತಿತ್ತು, ವಾರ್ಷಿಕ ವರದಿ ಅಚ್ಚಾಗುತ್ತಿತ್ತು. ಈ ಕಟ್ಟುನಿಟ್ಟನ್ನು ಬಿಟ್ಟು ಈತನ ವಿಶ್ವಾಸವನ್ನು ಅರ್ಥಮಾಡಿಕೊಳ್ಳಲಾಗದು. ತನಗೆಂದೇ ಬಂದ ಹಣದಲ್ಲೂ ಬಹುಪಾಲನ್ನು ಹಂಚಿಬಿಟ್ಟ; ಚೀನಾದಲ್ಲಿ ದುಡಿಯುತ್ತಿದ್ದ ಹಡ್ಸನ್ ಟೇಲರ್‌ನ ಮಿಷನ್ನಿಗೂ ನೆರವು ಕಳಿಸಿದ.